ಶಿಲುಬೆ ಎತ್ತಲು ನಾಲ್ಕು ಜನ

೪ ಅಕ್ಟೋಬರ್ ೨೦೧೦, ಸೋಮವಾರ

ಎವರಾರ್ಡೊನನ್ನು ಮಣ್ಣು ಮಾಡಿ ಬಂದೆವು. ‘ಬಂದೆವು’ ಎಂದು ಬರೆದುಬಿಟ್ಟೆ, ಊರೇ ಹಿಂದೆ ಬಂದಿತ್ತೇನೋ ಎನ್ನುವ ಹಾಗೆ. ಹೋದವರು ನಾನು, ಪಾದ್ರಿ, ಗುಂಡಿ ತೋಡುವ ಇಬ್ಬರು, ಮತ್ತೆ ಪ್ರಾರ್ಥನೆ ಹೇಳಿಸುವ ದೋನ್ಯಾ ಚೋಲೆ. ಪಾದ್ರಿಗೆ ಇವತ್ತು ಇನ್ನೂ ಮೂರು ಸಮಾಧಿ ಇದ್ದವಂತೆ, ಗಡಿಯಾರ ನೋಡಿಕೊಂಡೇ ಆಶೀರ್ವಾದ ಮಾಡಿದರು.

ಇದ್ದೊಬ್ಬ ತಮ್ಮ. ನಲವತ್ತೇಳು ವರ್ಷ. ಶುಕ್ರವಾರ ಮಧ್ಯಾಹ್ನ ಕಾರಿನ ಸೀಟು ಹೊಲಿಯುವ ತನ್ನ ಅಂಗಡಿಯಲ್ಲಿ ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದನಂತೆ. ಇಬ್ಬರು ಬಂದು ಗುಂಡು ಹೊಡೆದು, ಬಂದ ಹಾಗೇ ನಡೆದುಕೊಂಡು ಹೋದರಂತೆ. ಮೊಳೆ ಬಾಯಲ್ಲಿಟ್ಟುಕೊಳ್ಳಬೇಡ, ನುಂಗಿ ಸಾಯುತ್ತೀಯ ಎಂದು ಮೂವತ್ತು ವರ್ಷ ಬೈದಿದ್ದೇನೆ.

ಮನೆಯಲ್ಲಿ ಶವದ ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ದೋನ್ಯಾ ಚೋಲೆ ನೆಲದ ಮೇಲೆ ಸುಣ್ಣದ ಪುಡಿಯಿಂದ ಶಿಲುಬೆ ಬರೆದಳು. ಇನ್ನು ಒಂಬತ್ತು ದಿನ ಜಪಸರ. ಒಂಬತ್ತನೆಯ ದಿನ ನಾಲ್ಕು ಜನ ಬಂದು ಆ ಶಿಲುಬೆಯನ್ನು ಎತ್ತಬೇಕು, ತಲೆಯ ಕಡೆ ಒಬ್ಬರು, ತೋಳುಗಳಿಗೆ ಇಬ್ಬರು, ಪಾದಕ್ಕೆ ಒಬ್ಬರು. ಎತ್ತಿದ ಸುಣ್ಣ ಸಮಾಧಿಗೆ ಹೋಗುತ್ತದೆ. ನಮ್ಮ ಹುಟ್ಟೂರು ವೆರಾಕ್ರೂಸ್ ಕಡೆಯವರ ಪದ್ಧತಿ. ರಕ್ತಸಂಬಂಧಿಗಳು ಎತ್ತುವ ಹಾಗಿಲ್ಲ. ಎತ್ತದೇ ಬಿಟ್ಟರೆ ಸತ್ತವನು ದಾರಿ ಸಿಗದೆ ಮನೆಯಲ್ಲೇ ಉಳಿಯುತ್ತಾನೆ.

ನಾಲ್ಕು ಜನರನ್ನು ಎಲ್ಲಿಂದ ತರುತ್ತೀಯ ಎಂದು ಚೋಲೆ ಕೇಳಿದಳು. ನನ್ನ ತಮ್ಮನಿಗೆ ನಲವತ್ತು ಜನ ಬರುತ್ತಾರೆ ಎಂದೆ. ಅವಳು ಕೈಯ ಸುಣ್ಣವನ್ನು ನನ್ನ ಹೊಸ ಟವೆಲ್ಲಿಗೆ ಒರೆಸಿಕೊಂಡಳು.

೫ ಅಕ್ಟೋಬರ್, ಮಂಗಳವಾರ

ಜಪಸರ ಈಗ ಎಲ್ಲರ ಮನೆಯಲ್ಲೂ ಸಂಜೆ ನಾಲ್ಕಕ್ಕೇ. ಮೊದಲೆಲ್ಲ ಏಳು ಗಂಟೆಗೆ ಶುರುವಾಗಿ ಹರಟೆ, ಕಾಫಿ ಎಂದು ಹತ್ತಾಗುತ್ತಿತ್ತು. ಈಗ ಗುಂಡಿನ ಭಯಕ್ಕೆ ಆರು ಗಂಟೆಗೆ ಈ ಹ್ವಾರೆಸ್ ಊರು ಪೂರ್ತಿ ಬಾಗಿಲು ಹಾಕಿಕೊಳ್ಳುತ್ತದೆ. ಇಪ್ಪತ್ತು ಜನಕ್ಕೆ ದಾಲ್ಚಿನ್ನಿ ಹಾಕಿ ಕಾಫಿ ಮಾಡಿದ್ದೆ. ಒಬ್ಬರೂ ಬರಲಿಲ್ಲ. ಚೋಲೆ ಮೂರು ಸಿಹಿ ಬ್ರೆಡ್ ತಿಂದಳು. ಅವಳು ಪ್ರಾರ್ಥನೆ ಹೇಳುವುದಕ್ಕೂ ನಾನು ಒಬ್ಬಳೇ ಉತ್ತರ ಕೊಡುವುದಕ್ಕೂ ಸರಿಹೋಯಿತು. ನನ್ನ ದನಿ ನನಗೇ ಕೇಳಿಸಿ ನಾಚಿಕೆಯಾಯಿತು.

ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆ. ದೀಪ ಹತ್ತುವುದು ಆರರಲ್ಲಿ. ಉಳಿದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಸ್ಸಿನಲ್ಲಿ ವೆರಾಕ್ರೂಸಿಗೆ ವಾಪಸು ಹೋಗಿದ್ದಾರೆ. ಆದರೆ ಆರು ಮನೆಯವರಾದರೂ ಬರಬಹುದಿತ್ತಲ್ಲ? ಯಾಕೆ ಬರಲಿಲ್ಲ ಎಂದು ನನಗೆ ಗೊತ್ತು. ‘ಏನೋ ಒಂದು ದಂಧೆಯಲ್ಲಿ ಇದ್ದಿರಬೇಕು.’ ಇಲ್ಲಿ ಯಾರು ಸತ್ತರೂ ಜನ ಮೊದಲು ಆಡುವ ಮಾತು ಅದು. ಔಷಧಿ ಅಂಗಡಿಯವನ ಮಗ ಸತ್ತಾಗ ನಾನೂ ಆಡಿದ್ದೆ. ಹಾಗೆ ಅಂದುಬಿಟ್ಟರೆ ಚಿಲಕ ಹಾಕಿಕೊಂಡು ಮಲಗಬಹುದು, ನಾವು ಯಾವುದರಲ್ಲೂ ಇಲ್ಲವಲ್ಲ ಎಂದು.

ಎವರಾರ್ಡೊ ಯಾವುದರಲ್ಲೂ ಇರಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಸೀಟು ಹೊಲಿಯುತ್ತಿದ್ದ, ಅಷ್ಟೇ. ಭಾನುವಾರ ನಾನೂ ನನ್ನ ಮಿಷನ್ನಿನಲ್ಲಿ ಹೊಲಿದುಕೊಡುತ್ತಿದ್ದೆ, ಅವನ ಒಂದೊಂದು ಹೊಲಿಗೆಯೂ ನನಗೆ ಗೊತ್ತು. ಕೆಲವು ಗಿರಾಕಿಗಳು ಸೀಟಿನ ಒಳಗಡೆ ಜಿಪ್ ಕೇಳುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಗಿರಾಕಿ ಹೇಳಿದ ಹಾಗೆ ಹೊಲಿಯುವುದು ಹೊಲಿಯುವವರ ಕೆಲಸ.

೭ ಅಕ್ಟೋಬರ್, ಗುರುವಾರ

ಕೆಲಸಕ್ಕೆ ಹೋದೆ. ಗಡಿ ಸೇತುವೆಯ ಮೇಲೆ ಮೂರು ಗಂಟೆ ಹೊತ್ತು ಸಾಲು. ಎದುರಿಗೆ ಒಂದು ತಪಾಸಣೆಯ ನಾಯಿ, ಎಲ್ಲರ ಚೀಲವನ್ನೂ ಮೂಸುತ್ತಾ. ಯಾಕೆ ಬಂದಿರಿ ಎಂದು ಅಧಿಕಾರಿ ಕೇಳಿದ, ಸಾಮಾನು ಕೊಳ್ಳಲು ಎಂದೆ. ಒಂಬತ್ತು ವರ್ಷದಿಂದ ವಾರಕ್ಕೆ ಎರಡು ದಿನ ನಾನು ನದಿಯ ಆ ದಡದ, ಅಮೆರಿಕದ ಎಲ್ ಪಾಸೊಗೆ ಸಾಮಾನು ಕೊಳ್ಳಲು ಹೋಗುತ್ತಿದ್ದೇನೆ, ಒಂದು ದಿನವೂ ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಬಂದಿಲ್ಲ. ನನ್ನ ಪಾಸಿನಲ್ಲಿ ಅಲ್ಲಿ ಕೆಲಸ ಮಾಡುವ ಹಾಗಿಲ್ಲ. ಅವನಿಗೂ ಗೊತ್ತು.

ಮಿಸೆಸ್ ಲಿಂಡ್‌ಕ್ವಿಸ್ಟ್ ನನ್ನನ್ನು ಅಪ್ಪಿಕೊಂಡು ಅತ್ತರು. ನಾನು ಮನೆಗೆಲಸ ಮಾಡುವುದು ಅವರಲ್ಲೇ. ಎಪ್ಪತ್ತೆರಡು ವರ್ಷದ ಹೆಂಗಸು, ಶಾಲೆಯಲ್ಲಿ ನಮ್ಮ ಸ್ಪ್ಯಾನಿಷ್ ಭಾಷೆ ಕಲಿಸುತ್ತಿದ್ದವರು, ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಒಳ್ಳೆಯವರು. ಇವತ್ತು ಕೆಲಸ ಮಾಡಬೇಡ, ಕೂತುಕೋ ಎಂದರು. ಕೂತರೆ ಅಳು ಬರುತ್ತದೆ, ಅದಕ್ಕೇ ಒಲೆ ಉಜ್ಜಿದೆ.

ಮಧ್ಯಾಹ್ನ, ನಾನು ಜಪಸರಕ್ಕೆ ಹೊರಡುವ ಮೊದಲು, ಹಿತ್ತಲಿನಲ್ಲಿ ಅವರು ಯಥಾಪ್ರಕಾರ ಗಾಂಜಾ ಸುತ್ತಿಕೊಂಡು ಸೇದಿದರು. ಮಂಡಿನೋವಿಗೆ ಅದರಷ್ಟು ಒಳ್ಳೆಯ ಮದ್ದಿಲ್ಲವಂತೆ. ತಪ್ಪೆಲ್ಲ ಗಾಂಜಾ ನಿಷೇಧದ್ದು ಎಂದು ಹೇಳತೊಡಗಿದರು. ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ತಿಂಗಳು ಇದರ ಮೇಲೇ ಮತ ಹಾಕುತ್ತಾರಂತೆ, ಇವರು ಕಾಗದ ಬರೆಯುತ್ತಾರಂತೆ, ಸಭೆಗಳಿಗೆ ಹೋಗುತ್ತಾರಂತೆ. ಸಾರಾಯಿ ನಿಷೇಧಿಸಿದ್ದಾಗಲೂ ಹೀಗೇ ಬೀದಿಯಲ್ಲಿ ಹೆಣ ಬೀಳುತ್ತಿದ್ದವಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡು, “ಈ ಕಾನೂನು ಇಲ್ದೇ ಇದ್ದಿದ್ರೆ ನಿನ್ನ ತಮ್ಮ ಬದುಕಿರ್ತಿದ್ದ, ಡೆಲ್ಫಿನಾ,” ಎಂದರು.

ಮೈಯೆಲ್ಲ ಉರಿದುಹೋಯಿತು. “ನನ್ನ ತಮ್ಮ ಇದರಲ್ಲಿ ಇರ್ಲಿಲ್ಲ, ಸೆನ್ಯೋರಾ,” ಎಂದೆ.

ಅವರು ಕ್ಷಮೆ ಕೇಳಿದರು. ನಾನು ಬೂದಿಯ ತಟ್ಟೆ ತೊಳೆದಿಟ್ಟು ಬಂದೆ.

೮ ಅಕ್ಟೋಬರ್, ಶುಕ್ರವಾರ

ಇವತ್ತು ಮನೆಮನೆ ತಿರುಗಿದೆ. ನಾಲ್ಕು ಜನ ಬೇಕು, ನಾಲ್ಕೇ ಜನ.

ಟೈರ್ ಅಂಗಡಿಯ ಫಿದೆನ್ಸಿಯೊ ಹದಿನೈದು ವರ್ಷ ಎವರಾರ್ಡೊನ ಜೊತೆ ಒಂದೇ ತಟ್ಟೆಯಲ್ಲಿ ಮಧ್ಯಾಹ್ನದ ಬೀನ್ಸ್ ಕಾಳು ತಿಂದವನು. ಅವನಿಗೆ ಬೆನ್ನುನೋವಂತೆ, ಬಗ್ಗಲಾಗುವುದಿಲ್ಲವಂತೆ. ನಾನು ಹೋದಾಗ ಲಾರಿಯ ಚಕ್ರ ಬಿಚ್ಚುತ್ತಿದ್ದ. ತರಕಾರಿಯವಳು ಒಳಗಿದ್ದುಕೊಂಡೇ ಮನೆಯಲ್ಲಿಲ್ಲ ಎಂದು ಹೇಳಿಸಿದಳು, ಪರದೆಯ ಕೆಳಗೆ ಅವಳ ಚಪ್ಪಲಿ ಕಾಣುತ್ತಿತ್ತು. ಮೂಲೆಮನೆಯ ಅಜ್ಜ ಒಬ್ಬರೇ ನಿಜ ಹೇಳಿದರು. “ಶಿಲುಬೆ ಎತ್ತಿದ್ರೆ ನನ್ನ ಹೆಸರೂ ಎಲ್ಲೋ ಬರ್ಕೊಳ್ತಾರಮ್ಮ. ಈ ವಯಸ್ಸಲ್ಲಿ ನಂಗೆ ಆ ಪ್ರಸಿದ್ಧಿ ಬೇಡ.” ಅವರ ಮೇಲೆ ಕೋಪ ಬರಲಿಲ್ಲ.

ಮನೆಗೆ ಬಂದರೆ ಶಿಲುಬೆ. ನಡುಮನೆಯ ಮಧ್ಯದಲ್ಲೇ ಇದೆ, ಅಡುಗೆಮನೆಗೆ ಹೋಗಬೇಕಾದರೆ ಗೋಡೆಗೆ ಅಂಟಿಕೊಂಡು ದಾಟಬೇಕು. ಒಂಬತ್ತು ದಿನ ಆ ಕೋಣೆ ಗುಡಿಸುವ ಹಾಗಿಲ್ಲ. ನನ್ನಂಥವಳಿಗೆ ಅದೊಂದು ಶಿಕ್ಷೆ. ಬ್ರೆಡ್ಡಿನ ಪುಡಿಯೆಲ್ಲ ಚೋಲೆಯ ಕುರ್ಚಿಯ ಸುತ್ತಲೇ ಬಿದ್ದಿದೆ.

ತುಂಬಾ ಒಂಟಿ ಅನ್ನಿಸುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಅಂದುಕೊಂಡೆ, ಆಗಲಿಲ್ಲ.

೯ ಅಕ್ಟೋಬರ್, ಶನಿವಾರ

ಜಪಸರಕ್ಕೆ ಒಬ್ಬರು ಬಂದರು.

ನಲವತ್ತರ ಆಸುಪಾಸಿನ ಗಂಡಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಶುಭ್ರವಾದ ಉಗುರು, ಕೈಯಲ್ಲಿ ಬಾಗಿಲಿಗಿಂತ ಅಗಲದ ಹೂವಿನ ಚಕ್ರ. ಮಂಡಿಯೂರಿ ಪೂರ್ತಿ ಪ್ರಾರ್ಥನೆ ಹೇಳಿದ, ಒಂದು ಪದವೂ ತಪ್ಪಲಿಲ್ಲ. ಎಷ್ಟು ಹಿತವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಉತ್ತರದ ಜೊತೆ ಇನ್ನೊಂದು ದನಿ ಸೇರಿದ್ದು ಈ ಐದು ದಿನದಲ್ಲಿ ಅದೇ ಮೊದಲು. ಚೋಲೆ ಅವನ ಮುಖ ನೋಡಿದವಳು ಬ್ರೆಡ್ ಮುಟ್ಟದೆ, ಮುಗಿದ ತಕ್ಷಣ ಎದ್ದು ಹೋದಳು.

ಎಲ್ಲರೂ ತನ್ನನ್ನು ಇಂಜಿನಿಯರ್ ಎನ್ನುತ್ತಾರೆ ಎಂದ. ನಿಮಗೆ ಶಿಲುಬೆ ಎತ್ತುವವರು ಸಿಗುತ್ತಿಲ್ಲ ಎಂದು ಕೇಳಿ ಬೇಜಾರಾಯಿತು ಎಂದ. ತಾನೇ ಮೂರು ಜನರನ್ನು ಕರೆದುಕೊಂಡು ಮಂಗಳವಾರ ನಾಲ್ಕಕ್ಕೆ ಬರುತ್ತೇನೆ, ವಾದ್ಯದವರೂ ಬರುತ್ತಾರೆ, ಊಟವೂ ಬರುತ್ತದೆ, ನೀವು ಏನೂ ಯೋಚನೆ ಮಾಡಬೇಡಿ ಎಂದ.

ನನ್ನ ತಮ್ಮನನ್ನು ಹೇಗೆ ಬಲ್ಲಿರಿ ಎಂದು ಕೇಳಿದೆ.

“ಗಿರಾಕಿ, ದೋನ್ಯಾ ಡೆಲ್ಫಿನಾ. ನಿಮ್ಮ ತಮ್ಮನವರ ಕೆಲಸದಲ್ಲಿ ಏನೂ ತಪ್ಪಿರ್ಲಿಲ್ಲ. ಹೋದ ತಿಂಗಳು ಸೇತುವೆ ಮೇಲೆ ನಮ್ಮ ಆ ವ್ಯಾನ್ ಹಿಡಿದದ್ದು ನಾಯಿ. ಹೊಲಿಗೆ ಅಲ್ಲ. ಆದ್ರೆ ಅವ್ರೇ ಪೊಲೀಸರಿಗೆ ಸುದ್ದಿ ಕೊಟ್ರು ಅಂತ ಕೆಲವರು ತಪ್ಪು ತಿಳ್ಕೊಂಡ್ರು. ನಮ್ಮವರಲ್ಲ, ಬೇರೆಯವರು.”

ಬೇರೆಯವರು. ಎಲ್ಲರೂ ಹೇಳುವುದು ಅದನ್ನೇ.

ಹೊರಡುವಾಗ ಮೂಲೆಯಲ್ಲಿದ್ದ ನನ್ನ ಮಿಷನ್ನಿನ ಮೇಲೆ ಕೈಯಿಟ್ಟು ನಿಂತ. “ಒಳಹೊಲಿಗೆ ನಿಮ್ಮದು ಅಂತ ಹೇಳ್ತಿದ್ರು. ಅಷ್ಟು ನಾಜೂಕಾಗಿ ಹೊಲಿಯೋರು ಈಗ ಯಾರಿದಾರೆ? ದುಃಖದ ದಿನ ಮುಗೀಲಿ. ಮುಂದಿನ ವಾರದಿಂದ ಸೀಟಿನ ಬಟ್ಟೆ ಮನೆಗೇ ಕಳಿಸ್ತೀವಿ.”

ಅವನು ನನ್ನ ಉತ್ತರಕ್ಕೆ ಕಾಯದೆ ಹೊರಟುಹೋದ.

೧೦ ಅಕ್ಟೋಬರ್, ಭಾನುವಾರ

ನಾಲ್ಕು ಜನ ಸಿಕ್ಕಿದ್ದಾರೆ. ಸಂತೋಷಪಡಬೇಕು.

೧೦ ಅಕ್ಟೋಬರ್, ಮಧ್ಯಾಹ್ನ

ಬೆಳಗ್ಗೆ ಬರೆದದ್ದು ಹಾಗೇ ಇರಲಿ, ಹೊಡೆದುಹಾಕುವುದಿಲ್ಲ.

ಆ ವ್ಯಾನಿನ ಫೋಟೋ ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಬೂದು ಬಣ್ಣದ ಸೀಟುಗಳನ್ನು ಚಾಕುವಿನಿಂದ ಸೀಳಿ ಒಳಗಿದ್ದ ಗಾಂಜಾದ ಕಟ್ಟುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ನಾನು ಕಟ್ಟುಗಳನ್ನು ನೋಡಲಿಲ್ಲ. ಅಂಚಿನ ಜೋಡಿ ಹೊಲಿಗೆ ನೋಡಿದೆ, ಕೊನೆಯಲ್ಲಿ ಮೂರು ಸಲ ಹಿಂದೆಮುಂದೆ ಮಾಡಿ ಕಟ್ಟುವುದು ನಾನು ಒಬ್ಬಳೇ. ಆಗ ನನ್ನ ತಲೆಗೆ ಬಂದದ್ದು ಏನು? ಎಷ್ಟು ಹಾಳು ಮಾಡಿಬಿಟ್ಟರು, ಜಿಪ್ ಇತ್ತಲ್ಲ, ನಿಧಾನವಾಗಿ ತೆಗೆಯಬಹುದಿತ್ತಲ್ಲ ಎಂದು. ಹಾಗೆ ಅಂದುಕೊಂಡು ಪತ್ರಿಕೆ ಮಡಿಸಿ ಅದರ ಮೇಲೆ ಮೆಣಸಿನಕಾಯಿ ಒಣಹಾಕಿದೆ.

ಎವರಾರ್ಡೊ ಆ ಭಾನುವಾರ ಬಂದ. ಇಬ್ಬರೂ ಊಟ ಮಾಡಿದೆವು. ನೋಡಿದ್ಯಾ ಎಂದು ಅವನು ಕೇಳಲಿಲ್ಲ, ನೋಡಿದೆ ಎಂದು ನಾನು ಹೇಳಲಿಲ್ಲ. ಇನ್ನೊಂದು ತೋರ್ತಿಯಾ ರೊಟ್ಟಿ ಹಾಕಲಾ ಎಂದೆ. ಸಾಕು ಅಕ್ಕ ಎಂದ. ಆಮೇಲೆ ಅವನು ಬದುಕಿದ್ದದ್ದು ಎರಡೇ ವಾರ. ಆ ದಿನ ಒಂದು ಮಾತು ಕೇಳಿದ್ದರೆ, ಬಿಡು ಇದನ್ನ, ನಡಿ ಊರಿಗೆ ಹೋಗೋಣ ಎಂದಿದ್ದರೆ, ಬರುತ್ತಿದ್ದನೋ ಏನೋ. ನಾನು ಹೇಳಿದ ಮಾತನ್ನು ಅವನು ಮೀರುತ್ತಿರಲಿಲ್ಲ. ಆ ಮೊಳೆಯ ವಿಷಯ ಒಂದು ಬಿಟ್ಟು.

೧೧ ಅಕ್ಟೋಬರ್, ಸೋಮವಾರ

ಬೆಳಗ್ಗೆ ಮೊದಲು ಚೋಲೆಯ ಮನೆಗೆ ಹೋದೆ. ಒಂಬತ್ತನೆಯ ದಿನ, ಇಂಜಿನಿಯರ್ ಬರುವ ಮೊದಲೇ, ಬೆಳಗ್ಗೆ ಹತ್ತಕ್ಕೇ ಶಿಲುಬೆ ಎತ್ತಬಹುದಾ ಎಂದು ಕೇಳಿದೆ. ಅವಳು ಹಲ್ಲಿಗೆ ಕಡ್ಡಿ ಹಾಕಿಕೊಂಡು ತುಂಬಾ ಹೊತ್ತು ಯೋಚಿಸಿದಳು. ಕೊನೆಗೆ, ಪದ್ಧತಿಯಲ್ಲಿ ದಿನ ಹೇಳಿದ್ದಾರೆ, ಗಂಟೆ ಹೇಳಿಲ್ಲ ಎಂದಳು. ಎತ್ತುವವರು ಯಾರು ಎಂದಾಗ, ಹುಡುಕುತ್ತೇನೆ ಎಂದೆ. ನಾಳೆ ಎರಡು ಗಂಟೆಯ ವೆರಾಕ್ರೂಸ್ ಬಸ್ಸಿಗೆ ಹೋಗುತ್ತೇನೆ ಎಂದೂ ಹೇಳಿದೆ. ನೀನೂ ಬಾ, ನಾಲ್ಕಕ್ಕೆ ಅವರು ಬಂದಾಗ ನಿನ್ನನ್ನೇ ಕೇಳುತ್ತಾರೆ ಎಂದರೆ ನಕ್ಕಳು. “ಪ್ರಾರ್ಥನೆ ಹೇಳಿಸೋಳನ್ನ ಯಾರೂ ಮುಟ್ಟಲ್ಲ ಕಣೆ. ಅವ್ರಿಗೂ ನಾನು ಬೇಕಾಗ್ತೀನಿ.”

ಆಮೇಲೆ ಸೇತುವೆ. ಯಾಕೆ ಬಂದಿರಿ? ಸಾಮಾನು ಕೊಳ್ಳಲು.

ಮಿಸೆಸ್ ಲಿಂಡ್‌ಕ್ವಿಸ್ಟರ ಮನೆಯಲ್ಲಿ ಕಿಟಕಿ ಒರೆಸಿದೆ, ಹಾಸಿಗೆಯ ಹೊದಿಕೆ ಬದಲಿಸಿದೆ, ಇದು ಕೊನೆಯ ಸಲ ಎಂದು ಹೇಳದೆ. ಅವರು ಹಿತ್ತಲಿಗೆ ಹೋಗಿ ಕೂತರು. ನಾನು ಎಂದೂ ಮಾಡದ ಕೆಲಸ ಮಾಡಿದೆ, ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಅದು ಎಲ್ಲಿಂದ ಬರುತ್ತದೆ ಎಂದು ಅವರ ಬೆರಳ ಸಂದಿಯಲ್ಲಿದ್ದದ್ದನ್ನು ತೋರಿಸಿ ಕೇಳಿದೆ. ಒಬ್ಬ ಪರಿಚಯದವನು ತಂದುಕೊಡುತ್ತಾನೆ ಎಂದರು. ಅವನಿಗೆ ಎಲ್ಲಿಂದ ಎಂದೆ. ಅವರು ದೂರಕ್ಕೆ ನೋಡಿದರು. ಅಲ್ಲಿಂದ ಅವರ ಹಿತ್ತಲ ಗೋಡೆಯಾಚೆ ನಮ್ಮ ಹ್ವಾರೆಸ್ಸಿನ ಗುಡ್ಡ ಕಾಣುತ್ತದೆ.

ನಾಳೆ ಬೆಳಗ್ಗೆ ನನ್ನ ತಮ್ಮನ ಶಿಲುಬೆ ಎತ್ತಲು ಬನ್ನಿ ಎಂದು ಕೇಳಿದೆ. ಮೂರು ವರ್ಷದಿಂದ ಸೇತುವೆ ದಾಟಿಲ್ಲ, ಸರ್ಕಾರವೇ ಹೋಗಬೇಡಿ ಎಂದು ಹೇಳಿದೆ, ಮಗಳಿಗೆ ಗೊತ್ತಾದರೆ ಸುಮ್ಮನಿರುವುದಿಲ್ಲ ಎಂದರು. ಅದೆಲ್ಲ ನಿಜವೇ. ಆಮೇಲೆ ಮತ್ತೆ ಕಾನೂನಿನ ಮಾತು ತೆಗೆದರು, ನಿಜವಾದ ಅಪರಾಧಿ ಅದೇ, ಅದರ ವಿರುದ್ಧ ನಾನು ಇಷ್ಟು ವರ್ಷದಿಂದ ಹೋರಾಡುತ್ತಿದ್ದೇನಲ್ಲ ಎಂದು.

“ನೀವು ಹೇಳೋದು ಸರಿ ಇರಬಹುದು, ಸೆನ್ಯೋರಾ,” ಎಂದೆ. “ಆದ್ರೆ ಕಾನೂನಿಗೆ ಕೈ ಇಲ್ಲ. ನಂಗೆ ಸುಣ್ಣ ಎತ್ತೋಕೆ ಕೈ ಬೇಕು.”

ಅವರು ಸೇದುವುದನ್ನು ಅರ್ಧಕ್ಕೇ ಆರಿಸಿದರು. ನಾನು ಕುರ್ಚಿಯನ್ನು ಎಳೆದ ಜಾಗಕ್ಕೇ ಸರಿಸಿಟ್ಟು ಬಂದೆ.

೧೨ ಅಕ್ಟೋಬರ್, ಮಂಗಳವಾರ, ಬಸ್ಸಿನಲ್ಲಿ

ಬಸ್ಸು ಅಲುಗಾಡುತ್ತದೆ, ಅಕ್ಷರ ಸೊಟ್ಟಗಾಗುತ್ತಿವೆ. ಆದರೂ ಮರೆಯುವ ಮೊದಲು ಬರೆಯಬೇಕು.

ಹತ್ತಕ್ಕೆ ಚೋಲೆ ಬಂದಳು. ಇಬ್ಬರೇ ಕೂತೆವು. ಹತ್ತೂಕಾಲಿಗೆ ಬೀದಿಯಲ್ಲಿ ಟ್ಯಾಕ್ಸಿ ನಿಂತ ಸದ್ದು. ಮಿಸೆಸ್ ಲಿಂಡ್‌ಕ್ವಿಸ್ಟ್ ಇಳಿದರು, ಕೈಯಲ್ಲಿ ಕೋಲು, ಕಪ್ಪು ಬಟ್ಟೆ, ಹಣೆಯಲ್ಲಿ ಬೆವರು. ಸೇತುವೆಯನ್ನು ನಡೆದೇ ದಾಟಿದರಂತೆ. ಮೊದಲು ನೀರು ಕೊಟ್ಟೆ. ಚೋಲೆ ಅವರನ್ನು ಮೇಲಿಂದ ಕೆಳಗೆ ನೋಡಿ, ಈಕೆಗೆ ಬಗ್ಗಲಾಗುತ್ತದಾ ಎಂದು ನನ್ನನ್ನು ಕೇಳಿದಳು. ಆಗುತ್ತದೆ ಎಂದು ಅವರೇ ಉತ್ತರ ಕೊಟ್ಟರು, ನಮ್ಮ ಭಾಷೆಯಲ್ಲಿ. ಚೋಲೆಗೆ ನಾಚಿಕೆಯಾಯಿತು.

ಪ್ರಾರ್ಥನೆ ಮುಗಿಯಿತು. ತಲೆಯ ಕಡೆಗೆ ಯಾರೂ ಇರಲಿಲ್ಲ. ಚೋಲೆ ಗೊಣಗುತ್ತಾ ತಲೆಗೆ ವಸ್ತ್ರ ಬಿಗಿದುಕೊಂಡಳು. “ಪ್ರಾರ್ಥನೆ ಹೇಳಿಸೋಳು ಎತ್ತಬಾರದು. ಬಾರದ್ದೆಲ್ಲ ನಡೀತಿರೋ ಊರಲ್ಲಿ ಇದೊಂದು ಯಾಕೆ ಬಿಡ್ಬೇಕು.” ಹೂವಿನ ದಳದಿಂದ ಸುಣ್ಣವನ್ನು ಡಬ್ಬಿಗೆ ಗೋರಿದಳು. ಬಲತೋಳಿನ ಹತ್ತಿರ ಮಿಸೆಸ್ ಲಿಂಡ್‌ಕ್ವಿಸ್ಟ್ ಕೋಲನ್ನು ಗೋಡೆಗೆ ಒರಗಿಸಿ ಮಂಡಿಯೂರಿದರು. ಅವಸರ ಮಾಡಲಿಲ್ಲ, ಒಂದು ಕಣವೂ ಬಿಡದೆ ಎತ್ತಿದರು. ಕೊನೆಗೆ ನಾನು ಹಿಡಿದು ಎಬ್ಬಿಸಬೇಕಾಯಿತು.

ಎಡತೋಳಿಗೆ ನಾನೇ ಕೂತೆ. ಚೋಲೆ ತಡೆದಳು. “ರಕ್ತ ಎತ್ತೋ ಹಾಗಿಲ್ಲ, ಡೆಲ್ಫಿನಾ. ನೀನು ಅಕ್ಕ.”

“ಅಕ್ಕ ಅಂತ ಎತ್ತುತ್ತಿಲ್ಲ,” ಎಂದೆ. “ಆ ವ್ಯಾನಿನ ಸೀಟು ಹೊಲಿದವಳು ನಾನು. ಅದಕ್ಕೆ ಎತ್ತುತ್ತೀನಿ.”

ಚೋಲೆ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಬೆರಳಿಗೆ ಸುಣ್ಣ ತಣ್ಣಗಿತ್ತು. ಎವರಾರ್ಡೊ ಮಗುವಾಗಿದ್ದಾಗ ನಾನು ಮೈತೊಳೆಸುತ್ತಿದ್ದ ತೋಳು ನೆನಪಾಗಿ ಜೋರಾಗಿ ಅತ್ತುಬಿಟ್ಟೆ. ಒಂಬತ್ತು ದಿನದಲ್ಲಿ ಮೊದಲ ಸಲ.

ಪಾದ ಉಳಿಯಿತು. ಅದನ್ನೂ ನಾನೇ ಎತ್ತಲೇ ಎಂದು ಮಿಸೆಸ್ ಲಿಂಡ್‌ಕ್ವಿಸ್ಟ್ ಕೇಳಿದರು. ಬೇಡ ಎಂದೆ. ನಿಮ್ಮ ಪಾಲು ನೀವು ಎತ್ತಿದಿರಿ, ನನ್ನದು ನಾನು. ಪಾದ ಎತ್ತಬೇಕಾದವರು ನಾಲ್ಕು ಗಂಟೆಗೆ ಬರುತ್ತಾರೆ. ಪಕ್ಕದಲ್ಲಿ ಒಂದು ಖಾಲಿ ಡಬ್ಬಿ, ಒಂದು ಬಿಳಿ ಹೂವು ಇಟ್ಟು ಬಾಗಿಲಿಗೆ ಬೀಗ ಹಾಕದೆ ಹೊರಟೆ. ಚೋಲೆ ಶಿಲುಬೆಯ ಗುರುತು ಹಾಕಿಕೊಂಡಳು, ಇಂಥದ್ದನ್ನು ತಾನು ಕಂಡಿಲ್ಲ ಎಂದಳು. ಮೂರು ಪಾಲು ಸುಣ್ಣವನ್ನು ಸಮಾಧಿಗೆ ಸುರಿದೆ. ಮಿಸೆಸ್ ಲಿಂಡ್‌ಕ್ವಿಸ್ಟ್ ತಮ್ಮ ಮನೆಗೇ ಬಂದುಬಿಡು ಎಂದು ಕರೆದರು, ಮನಸ್ಸಿನಿಂದಲೇ ಕರೆದರು. ಅಲ್ಲಿ ನಾನು ಯಾವಾಗಲೂ ಸಾಮಾನು ಕೊಳ್ಳಲು ಬಂದವಳು. ಬರುವುದಿಲ್ಲ ಎಂದೆ.

ಈಗ ನಾಲ್ಕು ದಾಟಿದೆ. ಅವರು ಬಂದಿರುತ್ತಾರೆ. ಎತ್ತಿದರೋ, ತುಳಿದುಕೊಂಡು ಒಳಗೆ ಹೋಗಿ ಮಿಷನ್ ಒಡೆದರೋ, ನನಗೆ ತಿಳಿಯುವುದಿಲ್ಲ. ಎತ್ತದಿದ್ದರೆ ನನ್ನ ತಮ್ಮ ಆ ಖಾಲಿ ಮನೆಯಲ್ಲಿ ಉಳಿದುಬಿಡುತ್ತಾನೆ, ನಾನು ಇಲ್ಲದ ಮನೆಯಲ್ಲಿ. ಆದರೂ ಅವರ ಪಾಲನ್ನು ನಾನು ಎತ್ತಿದ್ದರೆ ಅದು ಎತ್ತಿದ ಹಾಗಾಗುತ್ತಿರಲಿಲ್ಲ.

ಪಕ್ಕದ ಸೀಟಿನಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ಕೂತಿದ್ದಳು, ಅವಳೂ ಕರಿ ಬಟ್ಟೆಯಲ್ಲಿ. ಯಾರನ್ನು ಕಳೆದುಕೊಂಡಿರಿ ಎಂದು ಕೇಳಿದಳು. ತಮ್ಮನನ್ನು ಎಂದೆ. ಅವಳು ನನ್ನ ಕೈ ಹಿಡಿದುಕೊಂಡು, ಏನೂ ಮಾಡದವರಿಗೇ ಹೀಗಾಗುತ್ತದೆ ನೋಡಿ ಎಂದಳು. ಹೂಂ ಅಂದಿದ್ದರೆ ಸಾಕಿತ್ತು, ಊರು ಬರುವವರೆಗೂ ಆ ಕೈ ಸಿಗುತ್ತಿತ್ತು.

ಗಾಂಜಾ ಬಚ್ಚಿಡುವ ಸೀಟು ಮಾಡುತ್ತಿದ್ದ ಎಂದು ಹೇಳಿದೆ. ನಾನು ಹೊಲಿದುಕೊಡುತ್ತಿದ್ದೆ ಎಂದೂ ಹೇಳಿದೆ.

ಅವಳು ನನ್ನ ಕೈ ಬಿಟ್ಟು, ಚೀಲ ತೆಗೆದುಕೊಂಡು ಹಿಂದಿನ ಸಾಲಿಗೆ ಹೋದಳು. ಇನ್ನೂ ಒಂದೂವರೆ ದಿನದ ದಾರಿ. ಕಿಟಕಿ ಪಕ್ಕಕ್ಕೆ ಸರಿದು ಕೂತಿದ್ದೇನೆ.